ಹಳೇ ಸ್ಪೋರ್ಟ್ಸ್ ಕಾರಿಗೆ ದೊಡ್ಡ ಸೆಕೆಂಡ್ ಹ್ಯಾಂಡ್ ಎಂಜಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಹಳೇ ತೋಟಗಳ ಶೆಡ್ಡಿಗೆ ಹೊಕ್ಕರೆ ಕಾಫಿ ಚೀಲ, ತುಕ್ಕು ಹಿಡಿದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಮುರಿದ ಏಣಿಗಳ ಹಿಂದೆ ಟಾರ್ಪಾಲು ಹೊದ್ದ ಗಾಡಿಯೊಂದು ಕೆಲವೊಮ್ಮೆ ಕಣ್ಣಿಗೆ ಬೀಳುತ್ತದೆ. ಹೆಚ್ಚಾಗಿ ಸ್ಟ್ಯಾಂಡರ್ಡ್ ಹೆರಾಲ್ಡ್. ಅದೃಷ್ಟ ಇದ್ದರೆ ಎಂಜಿ ಮಿಜೆಟ್ ಅಥವಾ ಟ್ರಯಂಫ್ ಸ್ಪಿಟ್‌ಫೈರ್, ಎರಡೂ ಇಂಗ್ಲೆಂಡಿನ ಪುಟ್ಟ ಸ್ಪೋರ್ಟ್ಸ್ ಕಾರುಗಳು. ನನಗೆ ಸಿಕ್ಕಿದ್ದು ಆಲ್ದೂರಿನ ಹತ್ತಿರ ನಮ್ಮ ಮಾವನವರ ತೋಟದಲ್ಲಿದ್ದ ಮಿಜೆಟ್. 1098 ಸಿಸಿ ಎಂಜಿನ್ ಜಾಮ್ ಆಗಿ, ಕಾರ್ಬುರೇಟರಿನೊಳಗೆ ಕಣಜ ಗೂಡು ಕಟ್ಟಿತ್ತು. ಅದಕ್ಕೆ ಬೇರೆ ಎಂಜಿನ್ ಕೂರಿಸಿದ್ದೇ ಕೂರಿಸಿದ್ದು, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಅದೇ ಪ್ರಶ್ನೆಗಳು. ಪ್ರತಿ ಸಲ ಅನ್ನ ಆರಿಸಿಕೊಂಡು ಉತ್ತರ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಎಂಜಿನ್ ಬದಲಾಯಿಸಲೇಬೇಕಾ? ಹಳೇದನ್ನೇ ರಿಪೇರಿ ಮಾಡಿಸಿದರೆ ಆಗಲ್ವಾ?

ಆಗುತ್ತದೆ. ಎಷ್ಟೋ ಜನರಿಗೆ ನಾನು ಹೇಳುವುದೂ ಅದನ್ನೇ. ಮಿಜೆಟ್‌ನಲ್ಲಿರುವುದು ಬಿಎಂಸಿ ಕಂಪನಿಯ ಎ ಸೀರೀಸ್ ಎಂಜಿನ್. ಮಾರಿಸ್ ಮೈನರ್‌ನಲ್ಲೂ ಮಿನಿಯಲ್ಲೂ ಇದ್ದಿದ್ದು ಇದೇ ಮನೆತನ. ಹಾಗಾಗಿ ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್ ಎಲ್ಲವನ್ನೂ ಇಂಗ್ಲೆಂಡಿನಿಂದ ಇವತ್ತಿಗೂ ತರಿಸಬಹುದು. ಜಾಮ್ ಆದ ಎಂಜಿನ್ ಅಂದರೆ ಸತ್ತ ಎಂಜಿನ್ ಅಲ್ಲ. ಸಿಲಿಂಡರಿಗೆ ಡೀಸೆಲ್ ಬಿಟ್ಟು ವಾರಗಟ್ಟಲೆ ಕಾದರೆ ಕೆಲವು ಬಿಟ್ಟುಕೊಳ್ಳುತ್ತವೆ. ನಮ್ಮದು ಬಿಟ್ಟುಕೊಳ್ಳಲಿಲ್ಲ, ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್‌ನ ಮೈಯೇ, ಸೀಳಿತ್ತು.

ಪವರ್ ಸಾಲದು ಅನ್ನುವವರಿಗೆ ಅದೇ ಮನೆತನದ ದೊಡ್ಡಣ್ಣನೂ ಇದ್ದಾನೆ. ಮಿಜೆಟ್ ಶುರುವಾಗಿದ್ದು 948 ಸಿಸಿಯಲ್ಲಿ. ಆಮೇಲೆ 1098, ಅದರ ನಂತರ 1275 ಆಯಿತು. 1275 ಸಿಕ್ಕರೆ ಕಣ್ಣು ಮುಚ್ಚಿಕೊಂಡು ಹಾಕಬಹುದಾದ ಎಂಜಿನ್ ಅದು. ನೋಡುವುದಕ್ಕೂ ಹಳೇದರ ಹಾಗೇ ಇರುತ್ತದೆ. ಕಷ್ಟ ಏನೆಂದರೆ ನಮ್ಮ ಕಡೆ ಗುಜರಿಯಲ್ಲಿ ಸಿಗುವುದು ಮಾರಿಸ್ ಮೈನರ್‌ನ ಸಣ್ಣ ಎಂಜಿನ್‌ಗಳು, 1275 ಅಲ್ಲ.

ಆರ್‌ಟಿಒ ಒಪ್ಪುತ್ತಾ?

ಇದನ್ನು ಎಲ್ಲರೂ ಕೊನೆಗೆ ಕೇಳುತ್ತಾರೆ. ಮೊದಲು ಕೇಳಬೇಕಾದ ಪ್ರಶ್ನೆ ಇದು.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಕಾಯ್ದೆ ಒಪ್ಪದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸಿಸಿ ಜಾಸ್ತಿ ಇರುವ, ಬೇರೆ ಕಂಪನಿಯ ಎಂಜಿನ್ ಹಾಕಿ ಸಾರ್ವಜನಿಕ ರಸ್ತೆಗೆ ಇಳಿಸುವುದು ಸುಲಭದ ಮಾತಲ್ಲ. ಕೆಟ್ಟ ಎಂಜಿನ್ ತೆಗೆದು ಅದೇ ಕಂಪನಿಯ, ಅದೇ ಬಗೆಯ ಎಂಜಿನ್ ಹಾಕಿ ಆರ್‌ಸಿಯಲ್ಲಿ ನಂಬರ್ ಬದಲಾಯಿಸಿಕೊಳ್ಳುವುದು ಬೇರೆ, ಇದು ಬೇರೆ.

ಇನ್ನೊಂದು ವಿಷಯ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಂಥ ಗಾಡಿಗೆ 'ವಿಎ' ಅಕ್ಷರ ಇರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಎಂಜಿನ್ ಬದಲಾಯಿಸಿದರೆ ಈ ದಾರಿ ಮುಚ್ಚಿಹೋಗುತ್ತದೆ. ನಿಮ್ಮ ಗಾಡಿಗೆ ದಾಖಲೆ ಸರಿಯಾಗಿದ್ದು, ಮೂಲ ಎಂಜಿನ್ ಬದುಕುವ ಹಾಗಿದ್ದರೆ ದಯವಿಟ್ಟು ಇಲ್ಲಿಗೇ ಓದುವುದು ನಿಲ್ಲಿಸಿ, ಲೇತ್‌ನವರ ಹತ್ತಿರ ಹೋಗಿ.

ನನ್ನ ಮಿಜೆಟ್ ತೋಟದ ದಾರಿಯಲ್ಲಿ ಮಾತ್ರ ಓಡುತ್ತದೆ. ಹೊರಗೆ ಹೋಗಬೇಕಾದರೆ ಪಿಕಪ್ ಮೇಲೆ ಕೂತು ಹೋಗುತ್ತದೆ, ಮದುಮಗನ ಹಾಗೆ. ರಸ್ತೆಗೇ ಬೇಕು ಅನ್ನುವವರು ಎಂಜಿನ್ ಕೊಳ್ಳುವ ಮೊದಲು ನಿಮ್ಮ ಆರ್‌ಟಿಒಗೆ, ಅಂದರೆ ಚಿಕ್ಕಮಗಳೂರಾದರೆ ಕೆಎ 18, ಹಾಸನವಾದರೆ ಕೆಎ 13, ಸಕಲೇಶಪುರವಾದರೆ ಕೆಎ 46, ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಬರವಣಿಗೆಯಲ್ಲೇ ಉತ್ತರ ತೆಗೆದುಕೊಳ್ಳಿ. 'ಮಾಡ್ಸಿ ಸಾರ್, ಆಮೇಲೆ ನೋಡ್ಕೊಳ್ಳೋಣ' ಅನ್ನುವವರ ಮಾತು ಕೇಳಬೇಡಿ. ವಿಮೆ ಕಂಪನಿಗೂ ಹೇಳಲೇಬೇಕು. ಹೇಳದೆ ಇದ್ದರೆ ಅಪಘಾತದ ದಿನ ಅವರು ಕೈ ಎತ್ತುವುದಕ್ಕೆ ಅದೇ ಸಾಕು.

ಎಷ್ಟು ದೊಡ್ಡ ಎಂಜಿನ್ ಸಾಕು?

ನೀವು ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಮಿಜೆಟ್‌ನ ತೂಕ ಸುಮಾರು 700 ಕೆಜಿ. 1098 ಸಿಸಿಯಲ್ಲಿ 55 ಎಚ್‌ಪಿಯ ಆಸುಪಾಸು ಇತ್ತು, 1275ರಲ್ಲಿ 65. ಇದಕ್ಕೆ 80 ಎಚ್‌ಪಿ ಕೊಟ್ಟರೆ ಗಾಡಿಯ ಸ್ವಭಾವವೇ ಬದಲಾಗುತ್ತದೆ. 120 ಕೊಟ್ಟರೆ ಹಿಂದಿನ ಆಕ್ಸಲ್, ಬ್ರೇಕ್, ಸ್ಟೀರಿಂಗ್ ಎಲ್ಲವನ್ನೂ ಬದಲಾಯಿಸಬೇಕು. ಆಮೇಲೆ ಮಿಜೆಟ್ ಅಂತ ಉಳಿಯುವುದು ಬ್ಯಾಡ್ಜ್ ಒಂದೇ.

ಪವರ್‌ಗಿಂತ ಮೊದಲು ತೂಕ ನೋಡಿ. ಇದಕ್ಕೆ ಕಂಪನಿಗಳೇ ಪಾಠ ಕಲಿಸಿವೆ. ಟ್ರಯಂಫ್‌ನವರು 1966ರಲ್ಲಿ ಸ್ಪಿಟ್‌ಫೈರ್ ಚಾಸಿಗೆ 2 ಲೀಟರಿನ ಆರು ಸಿಲಿಂಡರ್ ಎಂಜಿನ್ ಹಾಕಿ ಜಿಟಿ6 ಅಂತ ಮಾರಿದರು. ಗಾಡಿ ಓಡಿತು ನಿಜ. ಆದರೆ ಹಿಂದೆ ಇದ್ದ ಸ್ವಿಂಗ್ ಆಕ್ಸಲ್ ಸಣ್ಣ ಎಂಜಿನ್‌ಗೆ ಮಾಡಿದ್ದು. ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಗೆ ಮಡಚಿಕೊಂಡು ಗಾಡಿ ತಿರುಗಿ ನಿಲ್ಲುತ್ತಿತ್ತು. ಕೊನೆಗೆ 1968ರ ಮಾರ್ಕ್ 2ರಲ್ಲಿ ಹಿಂದಿನ ಸಸ್ಪೆನ್ಷನ್ನನ್ನೇ ಬದಲಾಯಿಸಿದರು. ನಮ್ಮ ಹೆರಾಲ್ಡ್‌ನಲ್ಲಿ ಇರುವುದೂ ಅದೇ ಸ್ವಿಂಗ್ ಆಕ್ಸಲ್. ಚಾರ್ಮಾಡಿ ಘಾಟಿಯಂಥ ತಿರುವುಗಳನ್ನು ನೆನಪಿಸಿಕೊಳ್ಳಿ.

ಎಂಜಿಯವರು ಬೇರೆ ಲೆಕ್ಕ ಹಾಕಿದರು. 1973ರಲ್ಲಿ ಬಂದ ಎಂಜಿಬಿ ಜಿಟಿ ವಿ8ರಲ್ಲಿ ಇದ್ದದ್ದು 3,528 ಸಿಸಿಯ ರೋವರ್ ಎಂಜಿನ್. ಎಂಟು ಸಿಲಿಂಡರ್ ಇದ್ದರೂ ಪೂರ್ತಿ ಅಲ್ಯೂಮಿನಿಯಂ. ಅದಕ್ಕೆ ಮುಂಚೆ ಇದ್ದ ಎರಕದ ಕಬ್ಬಿಣದ 1.8 ಲೀಟರ್ ಎಂಜಿನ್‌ಗಿಂತ ಅಷ್ಟೇನೂ ಭಾರ ಇರಲಿಲ್ಲ. ಅದಕ್ಕೇ ಗಾಡಿಯ ಮೂಗು ಭಾರವಾಗಲಿಲ್ಲ.

ಎತ್ತರದ ಲೆಕ್ಕವೂ ಇದೆ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಒಂದು ಸಾವಿರ ಮೀಟರಿಗಿಂತ ಮೇಲಿದೆ. ಇಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಯಾವ ಎಂಜಿನ್ ಆದರೂ ಪುಸ್ತಕದಲ್ಲಿ ಬರೆದ ಪವರ್‌ನಲ್ಲಿ ಸುಮಾರು ಹತ್ತನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಅದಕ್ಕಾಗಿ ಇನ್ನೂ ದೊಡ್ಡ ಎಂಜಿನ್ ಹುಡುಕಬೇಡಿ. ನಮಗೆ ಬೇಕಾಗಿರುವುದು ಏರಿನಲ್ಲಿ 2,000 ಆರ್‌ಪಿಎಂನಿಂದ ಎಳೆಯುವ ಎಂಜಿನ್. 7,000ಕ್ಕೆ ಕಿರುಚುವ ಎಂಜಿನ್ ಅಲ್ಲ.

ಸರಿ, ಹೆಸರು ಹೇಳಿ. ಯಾವ ಎಂಜಿನ್ ಕೊಳ್ಳಲಿ?

ನಮ್ಮ ದೇಶದಲ್ಲಿ ಸಿಗುವುದನ್ನೇ ನೋಡೋಣ. ಹಳೇ ಸ್ಪೋರ್ಟ್ಸ್ ಕಾರುಗಳಲ್ಲಿ ಎಂಜಿನ್ ಮುಂದೆ ಉದ್ದಕ್ಕೆ ಕೂತಿರುತ್ತದೆ, ಓಡುವುದು ಹಿಂದಿನ ಚಕ್ರ. ಅಂಥದ್ದೇ ಗಾಡಿಯ ಎಂಜಿನ್ ಬೇಕು. ಇದೊಂದೇ ಮಾತಿನಿಂದ ಗುಜರಿಯ ಮುಕ್ಕಾಲು ಪಾಲು ಎಂಜಿನ್‌ಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ.

ನನ್ನ ಮೊದಲ ಆಯ್ಕೆ ಮಾರುತಿ ಜಿಪ್ಸಿಯ 1.3. ಜಿಪ್ಸಿ 1985ರಲ್ಲಿ ಬಂದಾಗ ಇದ್ದದ್ದು 970 ಸಿಸಿ, 45 ಎಚ್‌ಪಿ. ಅದು ಬೇಡ. 1996ರ ಜಿಪ್ಸಿ ಕಿಂಗ್‌ನಲ್ಲಿ 1,298 ಸಿಸಿಯ ಕಾರ್ಬುರೇಟರ್ ಎಂಜಿನ್ ಬಂತು, 60 ಎಚ್‌ಪಿ. 2000ದ ಹೊತ್ತಿಗೆ ಅದೇ ಅಳತೆಯಲ್ಲಿ 16 ವಾಲ್ವ್, ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ಇಂಜೆಕ್ಷನ್), 80 ಎಚ್‌ಪಿ. ಬ್ಲಾಕ್ ಅಲ್ಯೂಮಿನಿಯಂ, ಹಾಗಾಗಿ ಹಗುರ. ಐದು ಗೇರ್. ಎಲ್ಲಕ್ಕಿಂತ ಮುಖ್ಯವಾಗಿ, ಜಿಪ್ಸಿಯ ಫೋರ್ ವೀಲ್ ಡ್ರೈವ್ ಟ್ರಾನ್ಸ್‌ಫರ್ ಕೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಪವರ್ ಹಂಚುವ ಪೆಟ್ಟಿಗೆ, ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಅದನ್ನು ಬಿಚ್ಚಿ ಪಕ್ಕಕ್ಕಿಟ್ಟರೆ ಎಂಜಿನ್, ಗೇರ್‌ಬಾಕ್ಸ್ ಎರಡೂ ಯಾವುದೇ ಹಿಂದಿನ ಚಕ್ರದ ಗಾಡಿಗೆ ಸಿದ್ಧ. ಒಂದು ಕಿರಿಕಿರಿ ಇದೆ. ಸ್ಪೀಡೋಮೀಟರ್ ಕೇಬಲ್ ಬರುವುದು ಟ್ರಾನ್ಸ್‌ಫರ್ ಕೇಸಿನಿಂದ. ಅದು ಹೋದರೆ ಮೀಟರೂ ಹೋಯಿತು. ನಾನು ಜಿಪಿಎಸ್ ಮೀಟರ್ ಹಾಕಿಕೊಂಡೆ.

ಇಲ್ಲಿನ ಮೆಕ್ಯಾನಿಕ್‌ಗಳಿಗೆ ಜಿಪ್ಸಿ ಅಂದರೆ ಮನೆ ಹಸು ಇದ್ದ ಹಾಗೆ. ರ‍್ಯಾಲಿ ನಡೆಯುವ ಊರು, ತೋಟದಲ್ಲೂ ಜಿಪ್ಸಿ, ರ‍್ಯಾಲಿಯಲ್ಲೂ ಜಿಪ್ಸಿ. ಕಣ್ಣು ಕಟ್ಟಿ ಬಿಟ್ಟರೂ ಬಿಚ್ಚಿ ಜೋಡಿಸುವವರಿದ್ದಾರೆ. ಎಂಜಿನ್ ಆರಿಸುವಾಗ ಇದನ್ನೂ ಒಂದು ಕಾರಣ ಅಂತ ಲೆಕ್ಕ ಹಿಡಿಯಿರಿ.

ಎಸ್ಟೀಮ್‌ನ 1.3 ಕೂಡ ಇದೇ ಮನೆತನ. ಆದರೆ ಅದರಲ್ಲಿ ಎಂಜಿನ್ ಅಡ್ಡಕ್ಕೆ ಕೂತಿರುತ್ತದೆ. ಜಿಪ್ಸಿ ಗೇರ್‌ಬಾಕ್ಸಿಗೆ ಸೇರಿಸಬಹುದು, ಸಂಪು (ಎಂಜಿನ್ ತಳದ ಆಯಿಲ್ ತೊಟ್ಟಿ), ಫೌಂಡೇಶನ್ (ಎಂಜಿನ್ ಕೂರುವ ಆಸರೆ), ಮ್ಯಾನಿಫೋಲ್ಡ್ ಕೆಲಸ ಇರುತ್ತದೆ. ಹಳೇ ಬಲೆನೋದ 1.6, ಅಂದರೆ 1,590 ಸಿಸಿಯ 94 ಎಚ್‌ಪಿ ಎಂಜಿನ್, ಇದೇ ಕುಟುಂಬದ ಹಿರಿಯ. ಅದರ ಬ್ಲಾಕ್ ಸ್ವಲ್ಪ ಎತ್ತರ. ಮಿಜೆಟ್ ಬಾನೆಟ್ ಕೆಳಗೆ ಬೆರಳು ಆಡಿಸುವಷ್ಟೂ ಜಾಗ ಇರುವುದಿಲ್ಲ, ಅಳೆದು ನೋಡಿ. ವರ್ಸಾ, ಈಕೋ ಕೂಡ ಹಿಂದಿನ ಚಕ್ರದ ಗಾಡಿಗಳೇ, ಆದರೆ ಗೇರ್ ಲಿವರ್ ಬರುವ ಜಾಗ ಬೇರೆ.

ಎರಡನೆಯದು ಪ್ರೀಮಿಯರ್ 118 ಎನ್‌ಇಯ ನಿಸಾನ್ ಎಂಜಿನ್. 1,171 ಸಿಸಿ, 52 ಎಚ್‌ಪಿ. ಅಂಕಿ ನೋಡಿ ಮುಖ ಸಿಂಡರಿಸಬೇಡಿ. ಕ್ರ್ಯಾಂಕಿಗೆ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಐದು ಬೇರಿಂಗ್, ಅಲ್ಯೂಮಿನಿಯಂ ಹೆಡ್, ಒಳ್ಳೇ ಸ್ವಭಾವ. 948 ಸಿಸಿ ಹೆರಾಲ್ಡ್‌ಗೆ ಇದಕ್ಕಿಂತ ಹೊಂದುವ ಜೋಡಿ ನಾನು ನೋಡಿಲ್ಲ. ಪೋಷಾಕು ಬದಲಾಗದೆ ಉಸಿರು ಮಾತ್ರ ಸರಾಗ ಆದ ಹಾಗೆ.

ಮೂರನೆಯದು ಕಾಂಟೆಸ್ಸಾ ಮತ್ತು ಅಂಬಾಸಡರ್ 1800ರ ಇಸುಜು. 1,817 ಸಿಸಿ, ಐದು ಗೇರ್. ಎಳೆತ ಅಂದರೆ ಎಳೆತ. ಆದರೆ ಬ್ಲಾಕ್ ಎರಕದ ಕಬ್ಬಿಣ, ಭಾರ. ಎಂಜಿಬಿಯಷ್ಟು ದೊಡ್ಡ ಗಾಡಿಗೆ ಸರಿ. ಮಿಜೆಟ್‌ಗೆ, ಹೆರಾಲ್ಡ್‌ಗೆ ಬೇಡ. ನಾನು ಮೊದಲು ಕೊಂಡಿದ್ದು ಇದನ್ನೇ. ಆ ಕಥೆ ಮುಂದಿದೆ.

ಮಾರುತಿ 800 ಎಂಜಿನ್? ಸ್ವಿಫ್ಟ್ ಎಂಜಿನ್? ಜೀಪಿನ ಡೀಸೆಲ್?

800 ಎಂಜಿನ್ ದೊಡ್ಡದಲ್ಲ. ಸ್ವಿಫ್ಟ್‌ನದು ಅಡ್ಡ ಎಂಜಿನ್, ಎಂಜಿನ್, ಗೇರ್‌ಬಾಕ್ಸ್ ಸೇರಿಸುವ ಬೆಲ್ ಹೌಸಿಂಗ್‌ನಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಮಾಡಿಸಬೇಕು. ಜೀಪಿನ ಪೂಜೋ ಡೀಸೆಲ್ ಜೀಪಿನಲ್ಲೇ ಚೆಂದ.

ಎಂಜಿನ್ ಮಾತ್ರ ಕೊಳ್ಳಲಾ, ಗೇರ್‌ಬಾಕ್ಸ್ ಸಮೇತ ಕೊಳ್ಳಲಾ?

ಸಾಧ್ಯವಾದರೆ ಇಡೀ ಗಾಡಿಯನ್ನೇ ಕೊಳ್ಳಿ.

ನನ್ನ ತಪ್ಪು ಹೇಳುತ್ತೇನೆ. ಬೆಂಗಳೂರಿನ ಗುಜರಿಯೊಂದರಲ್ಲಿ ಇಸುಜು ಎಂಜಿನ್ ನೋಡಿದೆ. ತೊಳೆದು, ಬೆಳ್ಳಿ ಬಣ್ಣ ಬಳಿದು, ಹಲಗೆ ಮೇಲೆ ದೇವರ ಹಾಗೆ ಕೂರಿಸಿದ್ದರು. ರೇಟು ಕಡಿಮೆ. ಗೇರ್‌ಬಾಕ್ಸ್ ಬೇರೆ ಕಡೆ ಸಿಗುತ್ತೆ ಅಂದರು, ನಂಬಿದೆ. ಊರಿಗೆ ತಂದು ನೋಡಿದರೆ ಸೆಲ್ಫ್ ಮೋಟಾರ್ ಬೇರೆ ಯಾವುದೋ ಗಾಡಿಯದು, ಫ್ಲೈವೀಲ್ ಹಲ್ಲು ಸವೆದಿದೆ, ಕ್ಲಚ್ ಕವರ್ ಇಲ್ಲ. ಆಮೇಲೆ ಆರು ತಿಂಗಳು ಸಣ್ಣಪುಟ್ಟ ಸಾಮಾನಿಗೆ ಅಲೆದೆ. ಬ್ರಾಕೆಟ್, ಪುಲ್ಲಿ, ಕ್ಲಚ್ ಫೋರ್ಕ್, ಒಂದು ಗಿಡ್ಡ ಬೋಲ್ಟ್. ಅವಕ್ಕೆ ಕೊಟ್ಟ ದುಡ್ಡು ಎಂಜಿನ್ ಬೆಲೆಯನ್ನು ದಾಟಿತು. ಇಷ್ಟೆಲ್ಲ ಆದ ಮೇಲೆ ಮಿಜೆಟ್‌ನಲ್ಲಿ ಅಳೆದು ನೋಡಿದೆವು. ಕೂರಲಿಲ್ಲ! ಅಳೆಯುವ ಕೆಲಸ ಮೊದಲು ಮಾಡಬೇಕಿತ್ತು ಅಂತ ನಮ್ಮ ಮಾವ ಈಗಲೂ ನೆನಪಿಸುತ್ತಾರೆ, ಕೇಳದೇ ಇದ್ದರೂ.

ಎರಡನೇ ಸಲ ಹೊಡೆತ ತಿಂದು ಹಿಂದಿನ ಬಾಡಿ ನಜ್ಜುಗುಜ್ಜಾದ ಒಂದು ಜಿಪ್ಸಿಯನ್ನೇ ಕೊಂಡೆ. ಎಂಜಿನ್ ಸ್ಟಾರ್ಟ್ ಆಗುತ್ತಿತ್ತು. ಕಿವಿಯಿಂದ ಕೇಳಿ, ಮೂಗಿನಿಂದ ಮೂಸಿ, ಓಡಿಸಿ ನೋಡಿ ಕೊಂಡೆ. ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್), ವೈರಿಂಗ್, ಸೆನ್ಸರ್, ಪೆಟ್ರೋಲ್ ಪಂಪ್, ರೇಡಿಯೇಟರ್, ಗೇರ್ ಲಿವರ್ ಎಲ್ಲ ಅದರಲ್ಲೇ ಬಂತು. ಉಳಿದಿದ್ದನ್ನು ಬೇರೆ ಜಿಪ್ಸಿಯವರು ಕೊಂಡುಹೋದರು. ಎಂಪಿಎಫ್‌ಐ ಎಂಜಿನ್ ತೆಗೆದುಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಕೀಯಲ್ಲಿ ಚಿಪ್ ಇರುವ ಈಚಿನ ಗಾಡಿಗಳಲ್ಲಿ ಕೀ, ಇಸಿಎಂ ಎರಡೂ ಅದೇ ಗಾಡಿಯದು ಇಲ್ಲದಿದ್ದರೆ ಎಂಜಿನ್ ಉಸಿರೇ ಎತ್ತುವುದಿಲ್ಲ.

ಎಲ್ಲಿ ಹುಡುಕಬೇಕು?

ಬೆಂಗಳೂರಲ್ಲಿ ಶಿವಾಜಿನಗರದ ಗುಜರಿ, ಬಿಡಿ ಭಾಗಗಳಿಗೆ ಜೆಸಿ ರಸ್ತೆ. ಚೆನ್ನೈನ ಪುದುಪೇಟೆ, ಕೊಯಮತ್ತೂರಿನ ಉಕ್ಕಡಂ ಕೂಡ ಹೆಸರುವಾಸಿ. ಸೇನೆಯ ಹರಾಜಿನಲ್ಲಿ ಬಂದ ಜಿಪ್ಸಿಗಳೂ ಸಿಗುತ್ತವೆ. ಆದರೆ ಮೊದಲು ಪಕ್ಕದ ತೋಟಗಳಲ್ಲಿ ವಿಚಾರಿಸಿ. ಇತಿಹಾಸ ಗೊತ್ತಿರುವ ಗಾಡಿ ಹತ್ತು ಕಿಲೋಮೀಟರ್ ಒಳಗೇ ನಿಂತಿರಬಹುದು.

ನಿಂತ ಎಂಜಿನ್ ನೋಡುವಾಗ ಏನೇನು ನೋಡಬೇಕು?

ಹೊಸ ಬಣ್ಣ ಇದ್ದರೆ ಅನುಮಾನ ಪಡಿ. ಕೊಳಕು ಎಂಜಿನ್ ನಿಜ ಹೇಳುತ್ತದೆ. ಎಲ್ಲಿ ಸೋರುತ್ತಿದೆ, ಎಲ್ಲಿ ಬಿಚ್ಚಿದ್ದಾರೆ, ಎಲ್ಲ ಕಾಣುತ್ತದೆ.

ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ನೋಡಿ. ಕಾಫಿಗೆ ಹಾಲು ಹಾಕಿದ ಬಣ್ಣದ ನೊರೆ ಇದ್ದರೆ ಆಯಿಲ್‌ಗೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ ಬಾಗಿರಬಹುದು. ಅಲ್ಯೂಮಿನಿಯಂ ಎಂಜಿನ್ ಒಮ್ಮೆ ಚೆನ್ನಾಗಿ ಓವರ್ ಹೀಟ್ ಆದರೆ ಆಮೇಲೆ ಎಷ್ಟು ರಿಪೇರಿ ಮಾಡಿದರೂ ಮನಸ್ಸು ನೆಮ್ಮದಿಯಾಗಿ ಇರುವುದಿಲ್ಲ. ನೀರು ಬರುವ ಪೈಪಿನೊಳಗೆ ಬೆರಳು ಹಾಕಿ. ಕೆಂಪು ಕೆಸರು ಅಂಟಿದರೆ ಆ ಮನುಷ್ಯ ಕೂಲಂಟ್ ಅಂತ ಬಾವಿ ನೀರು ತುಂಬಿದ್ದಾನೆ.

ಸಂಪಿನ ಬೋಲ್ಟ್ ಬಿಚ್ಚಲು ಬಿಟ್ಟರೆ ಹಳೇ ಆಯಿಲ್ ಒಂದು ಬಿಳಿ ಬಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿಯಿರಿ. ನುಣ್ಣನೆಯ ಬೂದು ಮಿಂಚು ಸ್ವಲ್ಪ ಇದ್ದರೆ ವಯಸ್ಸು. ತಾಮ್ರದ ಬಣ್ಣದ ಚೂರು ಇದ್ದರೆ ಬೇರಿಂಗ್ ತಿಂದಿದೆ, ನಮಸ್ಕಾರ ಹೇಳಿ ಹೊರಡಿ.

ಕ್ರ್ಯಾಂಕ್ ಪುಲ್ಲಿಯನ್ನು ಹಿಡಿದು ಮುಂದೆ ಹಿಂದೆ ಎಳೆದು ನೋಡಿ. ಕೈಗೆ ಗೊತ್ತಾಗುವಷ್ಟು ಆಟ ಇರಬಾರದು. ಸ್ಪಿಟ್‌ಫೈರ್ ಎಂಜಿನ್‌ಗಳಲ್ಲಿ ಇದು ಹೆಸರಾಂತ ರೋಗ. ಕ್ರ್ಯಾಂಕಿನ ಥ್ರಸ್ಟ್ ವಾಷರ್ ಸವೆದು ಸಂಪಿಗೆ ಬೀಳುತ್ತದೆ. ಆಮೇಲೆ ಪ್ರತಿ ಸಲ ಕ್ಲಚ್ ಒತ್ತಿದಾಗಲೂ ಕ್ರ್ಯಾಂಕ್ ಹೋಗಿ ಬ್ಲಾಕನ್ನೇ ಉಜ್ಜುತ್ತದೆ. 1974ರಿಂದ ಮಿಜೆಟ್‌ಗೂ ಇದೇ ಟ್ರಯಂಫ್ 1500 ಎಂಜಿನ್ ಬಂತು. ಇಂಗ್ಲೆಂಡಿನಿಂದ ಯಾರಾದರೂ ಆ 1500 ತರಿಸಿಕೊಡುತ್ತೇನೆ ಅಂದರೆ ಮೊದಲು ಈ ಪರೀಕ್ಷೆಯ ವಿಡಿಯೋ ಕೇಳಿ. ಅದರ ಕ್ರ್ಯಾಂಕಿಗೆ ಇರುವುದೂ ಮೂರೇ ಬೇರಿಂಗ್.

ಮಲೆನಾಡಿನ ಶೆಡ್ಡಿನಲ್ಲಿ ಎರಡು ಮೂರು ಮಳೆಗಾಲ ಕಳೆದ ಎಂಜಿನ್ ಆದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಳಗೆ ಒಂದೊಂದು ಚಮಚ ಆಯಿಲ್ ಬಿಟ್ಟು, ಕೈಯಲ್ಲೇ ತಿರುಗಿಸಿ. ಸೆಲ್ಫ್ ಹೊಡೆಯಬೇಡಿ. ಒಳಗೆ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕಂಪ್ರೆಷನ್ ಎಷ್ಟಿರಬೇಕು?

ಕಂಪ್ರೆಷನ್ ಅಂದರೆ ಪಿಸ್ಟನ್ ಮೇಲೆ ಬಂದಾಗ ಸಿಲಿಂಡರಿನೊಳಗೆ ಏಳುವ ಒತ್ತಡ, ಪ್ಲಗ್ ತೂತಿಗೆ ಗೇಜ್ ಹಾಕಿ ನೋಡುತ್ತಾರೆ. ಅಂಕಿಗಿಂತ ಸಮತೋಲ ಮುಖ್ಯ. ನಾಲ್ಕೂ ಸಿಲಿಂಡರಿನ ನಡುವೆ ಹತ್ತು ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಪಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಕಡಿಮೆ ತೋರಿಸಿದರೆ ನಡುವೆ ಗ್ಯಾಸ್ಕೆಟ್ ಹೋಗಿದೆ. ಕಡಿಮೆ ಇರುವ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ತೊಂದರೆ. ಅಂದಹಾಗೆ, ಎತ್ತರದ ಕಾರಣಕ್ಕೆ ನಮ್ಮ ಊರಲ್ಲಿ ಗೇಜ್ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ಚೆನ್ನೈನಲ್ಲಿ 170 ಪಿಎಸ್‌ಐ ತೋರಿಸಿದ್ದು ಇಲ್ಲಿ 150ರ ಹತ್ತಿರ ಬಂದರೆ ಮೋಸ ಹೋದೆ ಅಂದುಕೊಳ್ಳಬೇಡಿ.

ಓಡುವ ಎಂಜಿನ್ ಆದರೆ ಗೇಜ್ ಇಲ್ಲದೆಯೂ ಗೊತ್ತಾಗುತ್ತದೆ. ಆಯಿಲ್ ಕಡ್ಡಿ ಎಳೆದಾಗ ಅಲ್ಲಿಂದ ಹೊಗೆ ಬುಸುಗುಟ್ಟಿದರೆ ನಮ್ಮ ಮೆಕ್ಯಾನಿಕ್‌ಗಳು 'ಬ್ಯಾಕ್ ಕಂಪ್ರೆಷನ್' ಅನ್ನುತ್ತಾರೆ. ಬೋರ್ ಕೆಲಸ ಗ್ಯಾರಂಟಿ. ಒಂದು ಷರತ್ತು ಹಾಕಿ. ನೀವು ಹೋಗುವ ಮುಂಚೆ ಎಂಜಿನ್ ಬಿಸಿ ಮಾಡಿಡಬಾರದು. ತಣ್ಣಗಿನ ಎಂಜಿನ್ ಮೊದಲ ಸಲ ಹೊತ್ತಿಕೊಳ್ಳುವಾಗ ಮಾಡುವ ಸದ್ದೇ ಅದರ ಜಾತಕ.

ಕಳ್ಳ ಮಾಲು ಅಲ್ಲ ಅಂತ ಹೇಗೆ ಗೊತ್ತಾಗುತ್ತೆ?

ಎಂಜಿನ್ ನಂಬರ್ ಕೊರೆದ ಜಾಗ ಉಜ್ಜಿರಬಾರದು, ಮತ್ತೆ ಪಂಚ್ ಮಾಡಿರಬಾರದು. ಆರ್‌ಸಿ ಪ್ರತಿ, ಮಾರಿದವರ ಸಹಿ ಇರುವ ರಸೀದಿ, ಅವರ ಗುರುತಿನ ಚೀಟಿಯ ಪ್ರತಿ ತೆಗೆದುಕೊಳ್ಳಿ. ವಾಹನ ಕಳವಾದದ್ದಾ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ವೆಬ್‌ಸೈಟಿನಲ್ಲೂ ನೋಡಬಹುದು. ಕಾಗದ ಕೊಡಲು ಗೊಣಗುವವರ ಹತ್ತಿರ ಕೊಳ್ಳಬೇಡಿ, ಅಷ್ಟೇ.

ಗಾಡಿಯೊಳಗೆ ಕೂರುತ್ತಾ ಅಂತ ಕೊಳ್ಳುವ ಮೊದಲೇ ಹೇಗೆ ತಿಳಿಯುವುದು?

ಟೇಪ್ ಹಿಡಿದು ಮೂರು ಕಡೆ ಅಳೆಯಿರಿ. ಬಾನೆಟ್‌ನಿಂದ ಕೆಳಗೆ, ರೇಡಿಯೇಟರಿನಿಂದ ಹಿಂದಿನ ಗೋಡೆವರೆಗೆ, ಎರಡು ಪಕ್ಕದ ನಡುವೆ. ಆಮೇಲೆ ಸಂಪು ನೋಡಿ. ಅದರ ಆಳದ ಭಾಗ ಮುಂದಿದೆಯಾ ಹಿಂದಿದೆಯಾ? ಅಲ್ಲಿ ನಿಮ್ಮ ಗಾಡಿಯ ಕ್ರಾಸ್‌ಮೆಂಬರ್ (ಅಡ್ಡ ತೊಲೆ) ಅಡ್ಡ ಬರುತ್ತದಾ? ಸೈಲೆನ್ಸರ್ ಪೈಪ್ ಯಾವ ಕಡೆ ಇಳಿಯುತ್ತದೆ, ಸ್ಟೀರಿಂಗ್ ಕಂಬ ಯಾವ ಕಡೆ? ಸಂಪು ಚಾಸಿಗಿಂತ ಕೆಳಗೆ ಇಳಿದರೆ ತೋಟದ ದಾರಿಯ ಮೊದಲ ಕಲ್ಲಿಗೇ ಆಯಿಲ್ ಚೆಲ್ಲುತ್ತದೆ.

ನಾವು ರಟ್ಟಿನಲ್ಲಿ ಜಿಪ್ಸಿ ಎಂಜಿನ್ ಆಕಾರ ಕತ್ತರಿಸಿ ಮಿಜೆಟ್‌ನಲ್ಲಿಟ್ಟು ನೋಡಿದೆವು. ಮಕ್ಕಳ ಆಟ ಅಂತ ನಕ್ಕವರೇ ಆಮೇಲೆ ಆ ರಟ್ಟು ಕೇಳಿಕೊಂಡು ಬಂದರು. ಹೆರಾಲ್ಡ್, ಸ್ಪಿಟ್‌ಫೈರ್ ಆದರೆ ಕೆಲಸ ಸಲೀಸು. ಮುಂದಿನ ಭಾಗ ಪೂರ್ತಿ ಮಗುಚಿಕೊಳ್ಳುತ್ತದೆ, ಕೆಳಗೆ ಬೇರೆ ಚಾಸಿ ಇದೆ, ಫೌಂಡೇಶನ್ ಬ್ರಾಕೆಟ್ ಅದಕ್ಕೇ ವೆಲ್ಡ್ ಮಾಡಬಹುದು. ಮಿಜೆಟ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ತುಕ್ಕು ಹಿಡಿದ ತಗಡಿಗೆ ಬ್ರಾಕೆಟ್ ಅಂಟಿಸಿದರೆ ಎಂಜಿನ್ ಒಂದು ದಿನ ತಾನೇ ಇಳಿದುಬಿಡುತ್ತದೆ.

ಹಿಂದಿನ ಆಕ್ಸಲ್ ಹಳೇದೇ ಇದ್ದರೆ ಗೇರ್ ಲೆಕ್ಕ ಸರಿಹೋಗುತ್ತಾ?

ಮಿಜೆಟ್‌ನ ಹಳೇ ಆಕ್ಸಲ್ ಅನುಪಾತ 4.22, ಅಂದರೆ ಚಕ್ರ ಒಂದು ಸುತ್ತು ಹಾಕಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ 4.22 ಸುತ್ತು ತಿರುಗಬೇಕು. 145/80 ಆರ್13 ಟೈರ್ ಒಂದು ಸುತ್ತಿಗೆ ಸುಮಾರು 1.77 ಮೀಟರ್ ಹೋಗುತ್ತದೆ. ಗಂಟೆಗೆ 80 ಕಿಲೋಮೀಟರ್ ಅಂದರೆ ಚಕ್ರ ನಿಮಿಷಕ್ಕೆ ಸುಮಾರು 755 ಸುತ್ತು. ನಾಲ್ಕನೇ ಗೇರ್‌ನಲ್ಲಿ ಎಂಜಿನ್ 3,200ರ ಹತ್ತಿರ ತಿರುಗುತ್ತದೆ. ಜಿಪ್ಸಿಯ ಐದನೇ ಗೇರ್ ಸುಮಾರು 0.8, ಹಾಗಾಗಿ ಅದೇ ವೇಗಕ್ಕೆ 2,550 ಸಾಕು. ಕಿವಿಗೂ ಹಿತ, ಪೆಟ್ರೋಲಿಗೂ ಹಿತ. ಎಂಜಿನ್ ಬದಲಾಯಿಸಿದ್ದರಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟಿದ್ದು ಪವರ್ ಅಲ್ಲ, ಈ ಐದನೇ ಗೇರ್. ತೋಟದ ದಾರಿಯಲ್ಲಿ ಅದನ್ನು ಹಾಕುವ ಪ್ರಸಂಗವೇ ಬರುವುದಿಲ್ಲ ಅನ್ನುವುದು ಬೇರೆ ಮಾತು!

ಹೆರಾಲ್ಡ್, ಸ್ಪಿಟ್‌ಫೈರ್‌ನವರು ಹಿಂದಿನ ಡಿಫರೆನ್ಶಿಯಲ್ ನೋಡಿಕೊಳ್ಳಿ. ಅದು ಚಿಕ್ಕದು. ಕ್ಲಚ್ ಹಾರಿಸಿ ಬಿಡುವ ಚಾಳಿ ಇದ್ದರೆ ಬಹಳ ದಿನ ಬಾಳುವುದಿಲ್ಲ.

ಬ್ರೇಕ್?

ಮುಂದೆ ಡಿಸ್ಕ್ ಇಲ್ಲದ ಗಾಡಿಗೆ ದೊಡ್ಡ ಎಂಜಿನ್ ಹಾಕಬೇಡಿ. ಮಿಜೆಟ್‌ಗೆ 1962ರಲ್ಲಿ 1098 ಎಂಜಿನ್ ಬಂದಾಗಲೇ ಮುಂದಿನ ಡಿಸ್ಕೂ ಬಂತು. ನಮ್ಮ ಹೆರಾಲ್ಡ್‌ಗೆ ನಾಲ್ಕೂ ಕಡೆ ಡ್ರಮ್. ಘಾಟಿ ಇಳಿಯುವಾಗ ಡ್ರಮ್ ಬಿಸಿಯಾಗಿ ಪೆಡಲ್ ಮರದ ಹಾಗೆ ಗಟ್ಟಿಯಾದರೂ ಗಾಡಿ ನಿಲ್ಲದ ಅನುಭವ ಒಮ್ಮೆ ಆದರೆ ಸಾಕು. ಮೊದಲು ಬ್ರೇಕ್ ಮಾಡಿಸಿ, ಆಮೇಲೆ ಎಂಜಿನ್‌ಗೆ ಅಡ್ವಾನ್ಸ್ ಕೊಡಿ.

ಬಿಸಿ ಆಗಲ್ವಾ? ಹಳೇ ರೇಡಿಯೇಟರ್ ಸಾಕಾ?

ಸಾಲದು. ಹೆದ್ದಾರಿಯಲ್ಲಿ ಗಾಳಿ ತಾನೇ ನುಗ್ಗುತ್ತದೆ, ಅಲ್ಲಿ ಯಾವ ರೇಡಿಯೇಟರೂ ನಡೆಯುತ್ತದೆ. ಪರೀಕ್ಷೆ ಇರುವುದು ತೋಟದ ಏರಿನಲ್ಲಿ. ಹೊಳೆ ದಡದಿಂದ ಬಂಗಲೆವರೆಗೆ ಮೊದಲನೇ, ಎರಡನೇ ಗೇರ್‌ನಲ್ಲಿ ಹತ್ತುವಾಗ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಗಾಳಿ ಮಾತ್ರ ಇಲ್ಲ. ಎಂಜಿನ್ ಬಂದ ಗಾಡಿಯ ರೇಡಿಯೇಟರನ್ನೇ ಹಾಕಲು ನೋಡಿ. ಜಾಗ ಸಾಲದಿದ್ದರೆ ಅಷ್ಟೇ ಸಾಮರ್ಥ್ಯದ್ದು ಮಾಡಿಸಿ, ಜೊತೆಗೆ ಎಲೆಕ್ಟ್ರಿಕ್ ಫ್ಯಾನ್, ಅದರ ಸುತ್ತ ತಗಡಿನ ಬಳೆ. ಥರ್ಮೋಸ್ಟಾಟ್ ಕಿತ್ತೆಸೆಯುವ ಬುದ್ಧಿವಂತಿಕೆ ಬೇಡ. ಎಂಪಿಎಫ್‌ಐ ಎಂಜಿನ್ ತಾನು ಇನ್ನೂ ತಣ್ಣಗಿದ್ದೇನೆ ಅಂದುಕೊಂಡು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ.

ಕಾರ್ಬುರೇಟರ್ ಒಳ್ಳೇದಾ, ಎಂಪಿಎಫ್‌ಐ ಒಳ್ಳೇದಾ?

ಓಡಿಸಲು ಎಂಪಿಎಫ್‌ಐ. ಎತ್ತರಕ್ಕೆ ತಕ್ಕ ಹಾಗೆ ಪೆಟ್ರೋಲ್ ತಾನೇ ಕಡಿಮೆ ಮಾಡಿಕೊಳ್ಳುತ್ತದೆ, ಮುಳ್ಳಯ್ಯನಗಿರಿ ಎತ್ತರದಲ್ಲೂ ಕೆಮ್ಮುವುದಿಲ್ಲ. ಆದರೆ ಕೆಲಸ ಜಾಸ್ತಿ. ಕಾರ್ಬುರೇಟರಿನ ಪಂಪ್ ಕೊಡುವುದು ಅರ್ಧ ಬಾರ್‌ಗಿಂತಲೂ ಕಡಿಮೆ ಒತ್ತಡ. ಇಂಜೆಕ್ಷನ್‌ಗೆ ಎರಡೂವರೆ, ಮೂರು ಬಾರ್ ಬೇಕು. ಹಳೇ ರಬ್ಬರ್ ಪೈಪಿನಲ್ಲಿ ಅಷ್ಟು ಒತ್ತಡ ಬಿಟ್ಟರೆ ಬೆಂಕಿಗೆ ಆಹ್ವಾನ. ಟ್ಯಾಂಕಿನೊಳಗಿನ ತುಕ್ಕು ತೊಳೆಸಿ, ಫಿಲ್ಟರ್ ಹಾಕಿ, ವಾಪಸ್ ಬರುವ ಪೈಪ್ ಎಳೆಸಿ.

ಇನ್ನೊಂದು ಎಚ್ಚರಿಕೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾಯಿತು, ಅಂದರೆ 20 ಪರ್ಸೆಂಟ್ ಎಥನಾಲ್. ಅದು ಹಳೇ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ. ನೀರನ್ನೂ ಹೀರಿಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಟ್ಯಾಂಕಿಗೆ ಇದು ಒಳ್ಳೇದಲ್ಲ. ಟ್ಯಾಂಕಿನಿಂದ ಎಂಜಿನ್‌ವರೆಗೆ ಎಲ್ಲಾ ಪೈಪ್, ವಾಷರ್ ಹೊಸದಾಗಿ ಹಾಕಿ.

ವೈರಿಂಗ್ ವಿಷಯಕ್ಕೆ ಬಂದರೆ ಶತ್ರು ಇಲಿ. ನನ್ನ ಗಾಡಿಯ ವೈರನ್ನು ಮೊದಲ ಮಳೆಗಾಲದಲ್ಲೇ ಕತ್ತರಿಸಿತು. ಅದಾದ ಮೇಲೆ ವೈರ್ ಎಲ್ಲವನ್ನೂ ಸುರುಳಿ ಪೈಪಿನೊಳಗೆ ತೂರಿಸಿದ್ದೇವೆ. ಬೆಕ್ಕನ್ನೂ ಸಾಕಿದ್ದೇವೆ. ಬೆಕ್ಕು ಮಲಗುವುದು ಮಿಜೆಟ್ ಸೀಟಿನ ಮೇಲೆ.

ಎಷ್ಟು ದಿನ ಹಿಡಿಯುತ್ತೆ? ಯಾವಾಗ ಶುರು ಮಾಡಲಿ?

ಮೆಕ್ಯಾನಿಕ್ ಹದಿನೈದು ದಿನ ಅನ್ನುತ್ತಾರೆ. ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು, ಒಳ್ಳೇ ಮೆಕ್ಯಾನಿಕ್‌ಗಳೆಲ್ಲ ಪಲ್ಪರ್, ಪಿಕಪ್, ಟ್ರ್ಯಾಕ್ಟರ್ ಹಿಂದೆ. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಪಂಪ್‌ಸೆಟ್ ಹಿಂದೆ. ನಿಮ್ಮ ಸ್ಪೋರ್ಟ್ಸ್ ಕಾರಿಗೆ ಜೂನ್‌ನಲ್ಲಿ ಪುರುಸೊತ್ತು ಸಿಗುತ್ತದೆ, ಹೊರಗೆ ಧೋ ಅಂತ ಮಳೆ ಸುರಿಯುವಾಗ. ಸೋರದ ಶೆಡ್ ನೋಡಿಕೊಳ್ಳಿ.

ತೆಗೆದ ಹಳೇ ಎಂಜಿನ್ ಏನು ಮಾಡಲಿ? ಗುಜರಿಯವರು ಕೇಳ್ತಿದ್ದಾರೆ.

ಕೊಡಬೇಡಿ. ಸಿಲಿಂಡರಿಗೆ ಆಯಿಲ್ ಬಿಟ್ಟು, ತೂತುಗಳಿಗೆಲ್ಲ ಬಟ್ಟೆ ತುರುಕಿ, ನೆಲದಿಂದ ಎತ್ತರಕ್ಕೆ ಹಲಗೆ ಮೇಲಿಡಿ. ಗೇರ್‌ಬಾಕ್ಸ್, ಕಾರ್ಬುರೇಟರ್, ಮೂಲ ಬ್ರಾಕೆಟ್, ಬೋಲ್ಟ್ ಎಲ್ಲವನ್ನೂ ಡಬ್ಬದಲ್ಲಿ ಹಾಕಿ ಮೇಲೆ ಹೆಸರು ಬರೆಯಿರಿ. ಹೊಸ ಎಂಜಿನ್‌ಗೆ ಜಾಗ ಮಾಡಲು ಬಾಡಿಯನ್ನು ಕತ್ತರಿಸದೆ, ಬೋಲ್ಟ್‌ನಲ್ಲೇ ಮುಗಿಸಲು ಹೇಳಿ. ನಮ್ಮ ಮಿಜೆಟ್‌ನ ಸೀಳಿದ ಬ್ಲಾಕ್ ಈಗಲೂ ಶೆಡ್ಡಿನ ಮೂಲೆಯಲ್ಲಿದೆ. ಎರಕದ ಕಬ್ಬಿಣಕ್ಕೆ ಹೊಲಿಗೆ ಹಾಕುವವರೊಬ್ಬರು ಹಾಸನದಲ್ಲಿದ್ದಾರೆ ಅಂತ ಹೋದ ವಾರ ಗೊತ್ತಾಯಿತು. ಕೊಯ್ಲು ಮುಗಿದ ಮೇಲೆ ತೋರಿಸಿಕೊಂಡು ಬರಬೇಕು.